ಹೊಳೆಗೆ ಸುರಿದರೂ ಅಳೆದು ಸುರಿಯೋಣ

ಕಳೆದ ಬೇಸಗೆಯಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಚೀಲದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಒಳಗಿದ್ದ ನೀರು ತೆಳು ಡಿಕಾಕ್ಷನ್ನಿನ ಬಣ್ಣದ್ದು. ಮನೆಯ ಹೋಂಸ್ಟೇಗೆಂದು ಹೊಸದಾಗಿ ಕಟ್ಟಿಸಿದ ಈಜುಕೊಳಕ್ಕೆ ಕೊಳವೆಬಾವಿಯಿಂದ ಎರಡು ಹಗಲು ಎರಡು ರಾತ್ರಿ ನೀರು ಹಾಯಿಸಿದ್ದರಂತೆ. ತುಂಬಿದ ದಿನ ತಳದ ಟೈಲ್ಸು ಎಣಿಸುವಷ್ಟು ತಿಳಿಯಾಗಿತ್ತು. ಸಂಜೆ ಬ್ಲೀಚಿಂಗ್ ಪೌಡರ್ ಹಾಕಿದರು. ಬೆಳಗ್ಗೆ ಎದ್ದು ನೋಡಿದರೆ ಈ ಬಣ್ಣ. ಶನಿವಾರ ಬೆಂಗಳೂರಿನಿಂದ ಎರಡು ಕುಟುಂಬ ಬರುವುದಿತ್ತು. ಅವರು ನಮ್ಮಲ್ಲಿಗೆ ಬಂದದ್ದು ಬುಧವಾರ. "ಕಾರ್ಯದರ್ಶಿಗಳೇ, ಇದೆಲ್ಲ ಹಳ್ಳಕ್ಕೆ ಬಿಟ್ಟು ಬೇರೆ ನೀರು ತುಂಬಿಸುತ್ತೇನೆ. ಸಂಘದ ಪಂಪುಸೆಟ್ಟು ಎರಡು ದಿನ ಬಾಡಿಗೆಗೆ ಕೊಡಿ" ಎಂದು ಕೇಳಿದರು.

ನಾವು ಪಂಪುಸೆಟ್ಟು ಕೊಡಲಿಲ್ಲ. ಅವರಿಗೆ ಬೇಸರವಾಯಿತು. ಏಕೆ ಕೊಡಲಿಲ್ಲವೆಂಬುದನ್ನು ಎಲ್ಲ ಸದಸ್ಯರಿಗೂ ತಿಳಿಸುವುದು ಉಚಿತವೆಂದು ತೋರಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಈಜುಕೊಳದ ವಿಚಾರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಈಜುಕೊಳ ದೊಡ್ಡ ಎಸ್ಟೇಟುಗಳ ಸಂಗತಿ, ಐದು ಎಕರೆಯವನಿಗೆ ಅದರ ಗೊಡವೆ ಏನು ಎಂಬ ಪ್ರಶ್ನೆ ಹಿಂದೆ ಸರಿಯಾಗಿತ್ತು, ಈಗ ಅಲ್ಲ. 2001-02ರ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಸಾಲದ ಬಡ್ಡಿ ಕಟ್ಟಲೆಂದು ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಬೆಲೆ ಮತ್ತೆ ಏರಿದರೂ ಆ ಕೋಣೆಗಳು ಮುಚ್ಚಲಿಲ್ಲ. ಬರುವವರು ಮೊದಲು ಬಿಸಿನೀರು ಕೇಳಿದರು, ಆಮೇಲೆ ಕ್ಯಾಂಪ್‌ಫೈರ್ ಕೇಳಿದರು, ಈಗ ಕೊಳ ಕೇಳುತ್ತಿದ್ದಾರೆ. ಕಟ್ಟಬೇಕೋ ಬೇಡವೋ ಎಂಬುದು ಅವರವರ ಜೇಬಿಗೆ ಬಿಟ್ಟದ್ದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ನೀರು ಎಲ್ಲಿಂದ ಬರುತ್ತದೆ, ಅದಕ್ಕೆ ಏನು ಬೆರೆಯುತ್ತದೆ, ಕೊನೆಗೆ ಯಾರ ಗದ್ದೆಯ ಪಕ್ಕದ ಹಳ್ಳಕ್ಕೆ ಇಳಿಯುತ್ತದೆ ಎಂಬುದು ಇಡೀ ಊರಿಗೆ ಸೇರಿದ ವಿಷಯ.

ಮೊದಲು ಒಂದು ಸಣ್ಣ ಲೆಕ್ಕ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳವೆಂದರೆ 40,000 ಲೀಟರ್. ಬೇಸಗೆಯಲ್ಲಿ ಅಡಿಕೆ ಮರವೊಂದಕ್ಕೆ ಒಂದು ಸರದಿಗೆ 200 ಲೀಟರ್ ಎಂದು ಹಿಡಿದರೂ ಇದು 200 ಮರಗಳ ನೀರು. ಒಮ್ಮೆ ತುಂಬಿಸಿದ್ದಾಯಿತು, ಸರಿ. ಬಣ್ಣ ಕೆಟ್ಟಿತೆಂದು ಖಾಲಿ ಮಾಡಿ ಇನ್ನೊಮ್ಮೆ ತುಂಬಿಸಿದರೆ ಇನ್ನೂ 200 ಮರ. ಅಷ್ಟಾಗಿಯೂ ಎರಡನೆಯ ಸಲ ಬರುವುದು ಅದೇ ಕೊಳವೆಬಾವಿಯ ಅದೇ ನೀರು. ಬ್ಲೀಚಿಂಗ್ ಪೌಡರ್ ಬಿದ್ದೊಡನೆ ಅದೇ ಬಣ್ಣ ತಿರುಗದೆ ಇನ್ನೇನಾದೀತು?

ಸೀಸೆಯಲ್ಲಿದ್ದದ್ದು ಕಬ್ಬಿಣ. ನಮ್ಮ ಕೆಂಪು ಮಣ್ಣಿನ ಕೆಳಗಿನ ನೀರಿನಲ್ಲಿ ಕಬ್ಬಿಣ ಕರಗಿದ ಸ್ಥಿತಿಯಲ್ಲಿರುವುದುಂಟು. ಆಗ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಗುಲಿದಾಗ ಅದು ತುಕ್ಕಾಗಿ ಹೊರಬೀಳುತ್ತದೆ. ಹೊರಬಿದ್ದ ತುಕ್ಕನ್ನು ಸೋಸಿ ತೆಗೆಯಬಹುದು, ನೀರನ್ನು ಚೆಲ್ಲಬೇಕಾಗಿಲ್ಲ. ನಾವು ಅವರಿಗೆ ಹೇಳಿದ್ದು ಇಷ್ಟು: ನೀರಿನ ಕ್ಷಾರೀಯತೆ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ಮೊದಲು ಅಡಿಗೆ ಸೋಡಾ ಹಾಕಿ, ಆಮೇಲೆ ಸ್ವಲ್ಪ ಪಟಿಕ ಕರಗಿಸಿ ಹಾಕಿ, ಒಂದು ರಾತ್ರಿ ಮೋಟಾರು ನಿಲ್ಲಿಸಿ ಮಡ್ಡಿ ತಳಕ್ಕೆ ಇಳಿಯಲು ಬಿಡಿ, ಬೆಳಗ್ಗೆ ತಳದ ಮಡ್ಡಿಯನ್ನಷ್ಟೇ ನಿಧಾನವಾಗಿ ಹೀರಿ ಹೊರಹಾಕಿ, ಆಮೇಲೆ ಫಿಲ್ಟರು ಓಡಿಸಿ. ಸೋಡಾ ಮೊದಲು ಏಕೆಂದರೆ ಪಟಿಕವು ನೀರಿನ ಕ್ಷಾರೀಯತೆಯನ್ನು ತಿನ್ನುತ್ತದೆ. ಕ್ಷಾರೀಯತೆಯೇ ಇಲ್ಲದ ನೀರಿನಲ್ಲಿ ಅದು ಹೆಪ್ಪುಗಟ್ಟದೆ ನೀರನ್ನು ಹುಳಿಯಾಗಿಸಿ ಸುಮ್ಮನಾಗುತ್ತದೆ. ಶನಿವಾರಕ್ಕೆ ಕೊಳ ತಯಾರಾಗಲಿಲ್ಲ. ಒಂದು ಕುಟುಂಬ ಬರುವುದನ್ನೇ ರದ್ದು ಮಾಡಿತು. ಅವರಿಗೆ ಆದ ನಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ವಾರದ ಮಧ್ಯಕ್ಕೆ ನೀರು ತಿಳಿಯಾಯಿತು. ಚೆಲ್ಲಿದ್ದು ತಳದ ಮಡ್ಡಿಯೊಂದಿಗೆ ಹೋದ ಅಲ್ಪ ನೀರು ಮಾತ್ರ.

ಇಷ್ಟು ತಿಳಿದವರಂತೆ ಬರೆಯುವ ನಾವೂ ಒಮ್ಮೆ ಕೈಸುಟ್ಟುಕೊಂಡವರೇ. ನಮ್ಮ ಮನೆಯವರ ಒತ್ತಾಯಕ್ಕೆ ಕೆಲವು ವರ್ಷಗಳ ಹಿಂದೆ ನಮ್ಮ ಅಂಗಳದ ಕೆಳಗೂ ಒಂದು ಕೊಳವಾಯಿತು. ನೀರು ಗುಡ್ಡದ ಒರತೆಯದು. ತಲೆಮಾರುಗಳಿಂದ ಕುಡಿದ ನೀರು, ಸ್ಫಟಿಕದಂಥದ್ದು, ಅದಕ್ಕೆ ಪರೀಕ್ಷೆ ಬೇರೆ ಕೇಡು ಎಂದುಕೊಂಡಿದ್ದೆವು. ಕಟ್ಟಿದ ಕಂಟ್ರಾಕ್ಟರು ರಸಸಾರ ನೋಡುವ ಕಾಗದದ ಪಟ್ಟಿಯೊಂದನ್ನು ಕೊಟ್ಟು ಹೋಗಿದ್ದರು. ಅದ್ದಿದರೆ 6.5ರ ಆಸುಪಾಸು ತೋರಿಸಿತು. ಇರಬೇಕಾದದ್ದು 7.2ರಿಂದ 7.8ರೊಳಗೆ. ಹುಳಿ ಇದೆಯೇ, ಸುಣ್ಣ ಹಾಕು, ಇದಿಷ್ಟೇ ತೋಟಗಾರನ ಬುದ್ಧಿ. ಬೋರ್ಡೋಗೆಂದು ತಂದಿದ್ದ ಸುಣ್ಣವನ್ನು ಕದಡಿ ಸುರಿದೆವು. ಕೊಳ ಅಕ್ಕಿ ತೊಳೆದ ನೀರಿನಂತಾಯಿತು. ಪಟ್ಟಿಯ ಬಣ್ಣ ಮೇಲಿನ ಕೊನೆಯನ್ನೂ ದಾಟಿತು. ಇಳಿಸಲು ಆಮ್ಲ ಹಾಕಿದೆವು. ಒಮ್ಮೆಗೇ 6ರ ಹತ್ತಿರ ಇಳಿಯಿತು. ಮತ್ತೆ ಸುಣ್ಣ. ಹೀಗೆ ಹತ್ತು ದಿನ ತೊಟ್ಟಿಲು ತೂಗಿದೆವು.

ತಪ್ಪು ಎಲ್ಲಿತ್ತೆಂದು ಆಮೇಲೆ ಓದಿ ತಿಳಿದೆವು. ನೀರಿನ ರಸಸಾರವೇ ಬೇರೆ, ಕ್ಷಾರೀಯತೆಯೇ ಬೇರೆ. ಸಂಘದ ಭಾಷೆಯಲ್ಲಿ ಹೇಳುವುದಾದರೆ ರಸಸಾರವೆಂಬುದು ಇಂದಿನ ಪೇಟೆ ಧಾರಣೆ. ಕ್ಷಾರೀಯತೆಯೆಂಬುದು ಸಂಘದಲ್ಲಿರುವ ಆಪದ್ಧನ. ಆಪದ್ಧನ ಇದ್ದರೆ ಧಾರಣೆಯ ಸಣ್ಣ ಏರಿಳಿತಕ್ಕೆ ಸಂಸಾರ ಅಲುಗುವುದಿಲ್ಲ. ಅದಿಲ್ಲದವನು ಒಂದು ರೂಪಾಯಿ ಇಳಿದರೂ ಸಾಲಕ್ಕೆ ಓಡುತ್ತಾನೆ. ನಮ್ಮ ಒರತೆಯ ನೀರಿನಲ್ಲಿ ಕ್ಷಾರೀಯತೆ ಇದ್ದದ್ದು ಕೇವಲ 20 ಪಿಪಿಎಂ, ಅಂದರೆ ದಶಲಕ್ಷಕ್ಕೆ 20 ಭಾಗ. ಕೊಳಕ್ಕೆ ಬೇಕಾದದ್ದು 80ರಿಂದ 120. ಹಾಗಾಗಿಯೇ ಹಿಡಿ ಸುಣ್ಣಕ್ಕೂ ಲೋಟ ಆಮ್ಲಕ್ಕೂ ಅದು ಅಷ್ಟೊಂದು ಹಾರಾಡಿತು.

ಮೂರನೆಯದು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಶ. ಬಯಲುಸೀಮೆಯ ಕೊಳವೆಬಾವಿಯಲ್ಲಿ ಇದು ಅತಿಯಾಗಿ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಮಲೆನಾಡಿನಲ್ಲಿ ಮಳೆ ಸಹಸ್ರಾರು ವರ್ಷ ಮಣ್ಣನ್ನು ತೊಳೆದು ಸುಣ್ಣವನ್ನು ಕೊಚ್ಚಿಕೊಂಡು ಹೋಗಿದೆ. ತೋಟಕ್ಕೆ ಸುಣ್ಣ ಕೊಡಬೇಕಾಗಿ ಬಂದಿರುವುದೂ ಅದಕ್ಕೇ. ಮಣ್ಣಿನಲ್ಲಿ ಇಲ್ಲದ್ದು ಒರತೆಯಲ್ಲಿ ಎಲ್ಲಿಂದ ಬರಬೇಕು? ನಮ್ಮ ನೀರಿನಲ್ಲಿ ಗಡಸುತನ 30 ಇತ್ತು. ಗಾರೆಯ ಕೊಳಕ್ಕೆ ಕನಿಷ್ಠ 200 ಬೇಕು, 400ರ ಒಳಗಿರಬೇಕು.

ಇಲ್ಲಿಯೇ ನಮ್ಮ ಹೆಚ್ಚಿನ ಬೆಳೆಗಾರರು ಎಡವುವುದು. ಮೃದುವಾದ ನೀರು ಒಳ್ಳೆಯದು, ಸಾಬೂನು ನೊರೆ ಬರುತ್ತದೆ, ಬೇಳೆ ಬೇಯುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ. ಅಡಿಗೆಗೆ ಒಳ್ಳೆಯದೇ. ಆದರೆ ಸಿಮೆಂಟಿನ ಮಟ್ಟಿಗೆ ಅದು ಹಸಿದ ನೀರು. ಅದಕ್ಕೆ ಬೇಕಾದ ಸುಣ್ಣವನ್ನು ನಾವು ಚೀಲದಿಂದ ಕೊಡದಿದ್ದರೆ ಅದು ಗೋಡೆಯಿಂದ ತಾನೇ ತೆಗೆದುಕೊಳ್ಳುತ್ತದೆ. ಎರಡು ಮೂರು ವರ್ಷಕ್ಕೆ ಗಾರೆ ಉಪ್ಪುಕಾಗದದಂತೆ ತರಕಲಾಗಿ ಮಕ್ಕಳ ಪಾದ ತರಚುತ್ತದೆ. ಟೈಲ್ಸಿನ ಸಂದುಗಳ ಸಿಮೆಂಟು ಸವೆದು ಟೈಲ್ಸು ಕಳಚುತ್ತದೆ. ಆಗ ಮೇಸ್ತ್ರಿಯನ್ನು ಬೈಯುತ್ತೇವೆ. ತಪ್ಪು ಮೇಸ್ತ್ರಿಯದೇ ಆಗಿರಬೇಕೆಂದಿಲ್ಲ.

ನೀರು ಸುಣ್ಣವನ್ನು ತಿನ್ನುತ್ತದೋ, ಉಗುಳುತ್ತದೋ ಎಂದು ತಿಳಿಯುವ ಲೆಕ್ಕವನ್ನು 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಂಗ್ಲಿಯರ್ ಎಂಬವರು ಕೊಟ್ಟರು. ಊರಿನ ನೀರು ಸರಬರಾಜಿನ ಕೊಳವೆಗಳಿಗೆಂದು ಹುಟ್ಟಿದ ಲೆಕ್ಕವದು. ರಸಸಾರ, ಉಷ್ಣತೆ, ಗಡಸುತನ, ಕ್ಷಾರೀಯತೆ ಇವುಗಳ ಅಂಕಗಳನ್ನು ಕೂಡಿಸಿ 12.1 ಕಳೆಯಬೇಕು. ಉತ್ತರ ಸೊನ್ನೆಯ ಸಮೀಪ ಬಂದರೆ ಸಮತೋಲ. ನಮ್ಮ ಒರತೆಯ ನೀರಿಗೆ ಬಂದ ಉತ್ತರ ಸೊನ್ನೆಗಿಂತ 2.6 ಕೆಳಗೆ. 0.3 ಕೆಳಗಿಳಿದರೇ ಎಚ್ಚರಿಕೆ ಬೇಕೆನ್ನುವಾಗ ಇದು ಗೋಡೆಯನ್ನು ಹಗಲುರಾತ್ರಿ ನೆಕ್ಕುವ ನೀರೇ ಸರಿ.

ಹೊಸ ಕೊಳದಲ್ಲಿ ಇನ್ನೊಂದು ಮೋಸವಿದೆ. ಹಸಿ ಗಾರೆ ತಾನಾಗಿಯೇ ಸುಣ್ಣ ಬಿಡುತ್ತಿರುತ್ತದೆ. ಹಾಗಾಗಿ ಮೊದಲ ಮೂರು ನಾಲ್ಕು ವಾರ ರಸಸಾರ ದಿನದಿನಕ್ಕೆ ಏರುತ್ತದೆ. ಏನೂ ಹಾಕದೆಯೇ ಹುಳಿ ಹೋಯಿತೆಂದು ಸಂತೋಷಪಡುವವರುಂಟು. ಹೋದದ್ದು ಗೋಡೆಯ ಸುಣ್ಣ. ಈ 28 ದಿನ ದಿನಕ್ಕೊಮ್ಮೆ ರಸಸಾರ ನೋಡಿ, ಏರಿದಷ್ಟನ್ನು ಸ್ವಲ್ಪಸ್ವಲ್ಪ ಆಮ್ಲದಿಂದ ಇಳಿಸಿ, ಗೋಡೆಯನ್ನು ನೈಲಾನ್ ಬ್ರಶ್ಶಿನಿಂದ ಉಜ್ಜುತ್ತಿರಬೇಕು. ತಂತಿಯ ಬ್ರಶ್ಶು ಬೇಡ. ನರ್ಸರಿಯ ಸಸಿಯನ್ನು ಮೊದಲ ತಿಂಗಳು ನೋಡಿಕೊಂಡಂತೆ ಎಂದು ತಿಳಿದರೆ ಸಾಕು.

ಇನ್ನು ಪ್ರಮಾಣ. 40,000 ಲೀಟರಿನ ಕೊಳದಲ್ಲಿ ಕ್ಷಾರೀಯತೆಯನ್ನು 20ರಿಂದ 80ಕ್ಕೆ ಏರಿಸಲು 4 ಕಿಲೋ ಅಡಿಗೆ ಸೋಡಾ ಬೇಕು. ಪೇಟೆಯಲ್ಲಿ ಸೋಡಿಯಂ ಬೈಕಾರ್ಬೊನೇಟ್ ಎಂದು ಚೀಲದಲ್ಲಿ ಸಿಗುವುದೂ ಅದೇ. ಒಂದು ದಿನ ಬಿಟ್ಟು ರಸಸಾರ ನೋಡಿ 7.4-7.6ಕ್ಕೆ ತರಬೇಕು. ಮರುದಿನ ಗಡಸುತನ: 30ರಿಂದ 200ಕ್ಕೆ ಏರಿಸಲು ಪದರದ ರೂಪದ ಕ್ಯಾಲ್ಸಿಯಂ ಕ್ಲೋರೈಡ್ 10 ಕಿಲೋ. ಇದನ್ನೂ ಸೋಡಾವನ್ನೂ ಒಟ್ಟಿಗೆ ಸುರಿದರೆ ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಗುತ್ತದೆ. ಬಕೆಟ್ಟಿನಲ್ಲಿ ಮೊದಲು ನೀರು ತುಂಬಿ, ಅದಕ್ಕೆ ಸ್ವಲ್ಪಸ್ವಲ್ಪವಾಗಿ ಕ್ಲೋರೈಡ್ ಹಾಕಬೇಕು. ಕೈ ಸುಡುವಷ್ಟು ಬಿಸಿಯಾಗುತ್ತದೆ, ಜೋಕೆ. ಇಷ್ಟಾದ ಮೇಲೆ ಲ್ಯಾಂಗ್ಲಿಯರರ ಲೆಕ್ಕ ಸೊನ್ನೆಗಿಂತ 0.2 ಮಾತ್ರ ಕೆಳಗೆ ನಿಲ್ಲುತ್ತದೆ. ಗೋಡೆ ಬದುಕುತ್ತದೆ.

ಕ್ಲೋರಿನ್ ಕೊನೆಗೆ. ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ ಇರಬೇಕು. 2 ಪಿಪಿಎಂಗೆ ಬೇಕಾದದ್ದು 80 ಗ್ರಾಂ ಕ್ಲೋರಿನ್. ನೂರಕ್ಕೆ 33ರ ಬ್ಲೀಚಿಂಗ್ ಪೌಡರಾದರೆ ಸುಮಾರು 240 ಗ್ರಾಂ. ಪುಡಿಯನ್ನು ಬೇರೆ ಪಾತ್ರೆಯಲ್ಲಿ ಕದಡಿ, ಗಸಿ ತಳಕ್ಕೆ ನಿಂತ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ರಸಸಾರವನ್ನು ಮೊದಲೇ ಸರಿಪಡಿಸಬೇಕೆನ್ನುವುದಕ್ಕೆ ಕಾರಣ ಇಲ್ಲಿದೆ: ಕ್ಲೋರಿನ್ನಿನಲ್ಲಿ ರೋಗಾಣು ಕೊಲ್ಲುವ ಬಲವಾದ ಭಾಗವು ರಸಸಾರ 7.5 ಇದ್ದಾಗ ಸುಮಾರು ಅರ್ಧದಷ್ಟಿದ್ದರೆ, 8 ಆದಾಗ ಕಾಲು ಭಾಗಕ್ಕೂ ಇಳಿಯುತ್ತದೆ. ಪುಡಿ ಅಷ್ಟೇ ಖರ್ಚು, ಕೆಲಸ ಅರ್ಧ. ಬಿಸಿಲು ನೇರವಾಗಿ ಬೀಳುವ ಕೊಳದಲ್ಲಿ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗುತ್ತದೆ. ಅದನ್ನು ತಡೆಯಲು ಸಯನ್ಯೂರಿಕ್ ಆಮ್ಲ 30ರಿಂದ 50 ಪಿಪಿಎಂ ಇದ್ದರೆ ಸಾಕು. ಪೇಟೆಯ ಟ್ರೈಕ್ಲೋರ್ ಬಿಲ್ಲೆಗಳಲ್ಲಿ ಅದು ಸೇರಿಯೇ ಇರುತ್ತದೆ. ವರ್ಷಗಟ್ಟಲೆ ಬಿಲ್ಲೆಯನ್ನೇ ಹಾಕುತ್ತಿದ್ದರೆ ಅದು ಅತಿಯಾಗಿ ಕ್ಲೋರಿನ್ನಿನ ಕೈ ಕಟ್ಟಿಬಿಡುತ್ತದೆ. ಬಿಲ್ಲೆ ಹುಳಿ ಸ್ವಭಾವದ್ದಾದುದರಿಂದ ನಮ್ಮ ಮೃದು ನೀರಿನ ಅಲ್ಪ ಕ್ಷಾರೀಯತೆಯನ್ನೂ ಅದೇ ಮುಗಿಸುತ್ತದೆ.

ಔಷಧಿಯ ಕೋಣೆಯ ಮಟ್ಟಿಗೆ ಎರಡು ಮಾತು ಕಡ್ಡಾಯ. ಬ್ಲೀಚಿಂಗ್ ಪೌಡರಿನ ಹತ್ತಿರ ಆಮ್ಲ ಇಡಬಾರದು. ಎರಡೂ ಸೇರಿದರೆ ಬರುವುದು ವಿಷಾನಿಲ. ಬ್ಲೀಚಿಂಗ್ ಪೌಡರನ್ನೂ ಟ್ರೈಕ್ಲೋರ್ ಬಿಲ್ಲೆಯನ್ನೂ ಒಂದೇ ಡಬ್ಬಿಗೆ, ಒಂದೇ ಚಮಚಕ್ಕೆ ತಾಗಿಸಬಾರದು; ಬೆಂಕಿ ಹತ್ತಿ ಸಿಡಿಯುವುದುಂಟು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಈ ಕೆಲಸವನ್ನು ತೋಟದ ಕೆಲಸದವರ ಕೈಗೆ ಕೊಡುವವರು ಇದನ್ನು ಅವರ ಭಾಷೆಯಲ್ಲಿ ಹೇಳಿ, ಕೈಗವಸು, ಕನ್ನಡಕ ಕೊಟ್ಟೇ ಕೊಡಬೇಕು. ಬೇರೆ ರಾಜ್ಯದಿಂದ ಬಂದ ಹುಡುಗನಿಗೆ ಡಬ್ಬಿಯ ಮೇಲಿನ ಅಕ್ಷರ ಓದಲು ಬರುತ್ತದೆಯೇ ಎಂದು ಮಾಲೀಕರು ಕೇಳಿಕೊಳ್ಳಬೇಕು.

ಈಗ ಮೈಲುತುತ್ತಿನ ವಿಚಾರ. ಪಾಚಿ ಕಂಡೊಡನೆ ಎರಡು ಹಿಡಿ ಮೈಲುತುತ್ತು ಎಸೆಯುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಅದು ಮನೆಯಲ್ಲಿಯೇ ಇರುತ್ತದೆ, ಪಾಚಿ ಸಾಯುವುದೂ ನಿಜ. ಆದರೆ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಗಾರೆಗೆ ಹಸಿರು ಕಲೆ ಹಿಡಿಯುತ್ತದೆ, ನರೆಗೂದಲು ಹಸಿರು ತಿರುಗುತ್ತದೆ, ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ನಮ್ಮ ಮೃದು ನೀರಿನಲ್ಲಿ ಮೀನಿಗೆ ತಾಮ್ರದ ವಿಷ ಇನ್ನೂ ಬೇಗ ತಗಲುತ್ತದೆ. ಕೋಲ್ಮನ್ನರು ಮೈಸೂರು ಸೀಮೆಯ ಅಡಿಕೆ ಬೆಳೆಗಾರರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಿಸಿ ನೂರು ವರ್ಷ ದಾಟಿತು. 100 ಲೀಟರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಎಂದು ತೂಗಿ, ಕೊನೆಗೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದನ್ನು ನಮ್ಮ ಅಜ್ಜಂದಿರೂ ಬಲ್ಲವರು. ಮರದ ತುದಿಯ ಗೊನೆಗೆ ಹೊಡೆಯುವ ಔಷಧಿಯನ್ನು ಇಷ್ಟು ಪರೀಕ್ಷಿಸುವ ನಾವು, ಮಗುವಿನ ಕಣ್ಣು ಬಾಯಿಗೆ ಹೋಗುವ ನೀರಿಗೆ ಹಿಡಿ ಲೆಕ್ಕದಲ್ಲಿ ಎಸೆಯುವುದು ತರವೇ?

ಹೆದರಿಸಲೆಂದು ಬರೆಯುತ್ತಿಲ್ಲ. ಆದರೆ 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರಕ್ಕೆ ಮಕ್ಕಳೂ ದೊಡ್ಡವರೂ ಬಲಿಯಾದರು. ಬಾವಿ, ಈಜುಕೊಳಗಳಿಗೆ ಕ್ಲೋರಿನ್ ಹಾಕುವ ಅಭಿಯಾನವೇ ಅಲ್ಲಿ ನಡೆಯಿತು. ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿರುವ ಆ ಜೀವಿ ಮೂಗಿನ ಮೂಲಕ ಒಳಹೋಗುತ್ತದೆ. ಕ್ಲೋರಿನ್ ಸದಾ ಸರಿಯಾದ ಮಟ್ಟದಲ್ಲಿರುವ ಕೊಳದಲ್ಲಿ ಅದಕ್ಕೆ ನೆಲೆಯಿಲ್ಲ. "ನಮ್ಮದು ನೈಸರ್ಗಿಕ ನೀರು, ಔಷಧಿ ಹಾಕುವುದಿಲ್ಲ" ಎಂದು ಬೋರ್ಡು ಬರೆಸುವವರು ಇದನ್ನು ಯೋಚಿಸಬೇಕು. ಹಾಗೆಯೇ 2024ರ ನವೆಂಬರಿನಲ್ಲಿ ಮಂಗಳೂರಿನ ಬಳಿಯ ಒಂದು ರೆಸಾರ್ಟಿನ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಅದು ನೀರಿನ ರಸಾಯನದ ದೋಷವಲ್ಲ. ಆದರೆ ಕೊಳ ತೆರೆದವನ ಹೊಣೆ ಎಷ್ಟು ದೊಡ್ಡದೆಂದು ಆ ದಿನ ನಮಗೆಲ್ಲ ತಿಳಿಯಿತು. ಕಾವಲಿಗೆ ಜನ ಬೇಕು, ಆಳದ ಗುರುತು ಬೇಕು, ಹಿಡಿದೆಳೆಯಲು ಹಗ್ಗ ಬೇಕು. ಇವೆಲ್ಲ ಇದ್ದೂ ನೀರು ಕದಡಿದ್ದರೆ ತಳದಲ್ಲಿ ಬಿದ್ದ ಮಗು ಕಾಣುವುದಿಲ್ಲ. ತಳ ಕಾಣದ ಕೊಳಕ್ಕೆ ಅತಿಥಿಯನ್ನು ಇಳಿಸಬಾರದು. ಮುಂಗಡ ಹಿಂದಿರುಗಿಸಬೇಕಾಗಿ ಬಂದರೂ ಸರಿ.

ಮಳೆಗಾಲದ ಲೆಕ್ಕವೂ ಉಂಟು. ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವವರು. ನೂರು ಇಂಚು ಬೀಳುವ ಊರಿನಲ್ಲಿ, ಮೇಲೆ ಹೇಳಿದ ಕೊಳದ ಬಾಯಿಗೆ ನೇರವಾಗಿ ಬೀಳುವ ಮಳೆಯೇ 80,000 ಲೀಟರ್, ಕೊಳದ ಎರಡರಷ್ಟು. ಮಳೆನೀರಿನಲ್ಲಿ ಸುಣ್ಣವೂ ಇಲ್ಲ, ಕ್ಷಾರೀಯತೆಯೂ ಇಲ್ಲ. ಬೇಸಗೆಯಲ್ಲಿ ಹಾಕಿದ್ದೆಲ್ಲ ಆಷಾಢ ಮುಗಿಯುವಾಗ ಹೊರಟುಹೋಗಿರುತ್ತದೆ. ಮಳೆಗಾಲದಲ್ಲಿ ಕೊಳಕ್ಕೆ ಹೊದಿಕೆ ಹಾಕಿ, ದಸರೆಗೆ ಮುಂಚೆ ಮತ್ತೊಮ್ಮೆ ಎಲ್ಲವನ್ನೂ ಅಳೆಯುವುದು ಲೇಸು.

ಕೊಳದ ನೀರನ್ನು ಹೊರಬಿಡಲೇಬೇಕಾಗಿ ಬಂದರೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಪರೀಕ್ಷೆಯಲ್ಲಿ ಸೊನ್ನೆ ತೋರಿಸಿದ ಮೇಲೆ ಇಂಗುಗುಂಡಿಗೆ ಬಿಡಬೇಕು. ಹಳ್ಳಕ್ಕಲ್ಲ. ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದ ಕಾಲವೊಂದಿತ್ತು. ಕೆಳಗಿನ ಊರಿನವರು ಮೂಗು ಮುಚ್ಚಿಕೊಂಡು ಜಗಳಕ್ಕೆ ಬಂದರು, ಕಾನೂನು ಬಂತು, ತೊಟ್ಟಿ ಕಟ್ಟಿ ಸುಣ್ಣ ಹಾಕಿ ಹುಳಿ ಕಳೆಯುವುದನ್ನು ಕಲಿತೆವು. ಈ ಸಲವೂ ಜಗಳದ ತನಕ ಕಾಯಬೇಕೇ? ನಾವು ಪಂಪುಸೆಟ್ಟು ಕೊಡದಿದ್ದುದಕ್ಕೆ ಇದೂ ಒಂದು ಕಾರಣ. ಆ ಹಳ್ಳದ ಕೆಳಗೆ ನಮ್ಮ ಸಂಘದ ಇನ್ನೂ ಹಲವು ಸದಸ್ಯರ ತೋಟಗಳಿವೆ, ದನಗಳು ನೀರು ಕುಡಿಯುವ ಕಟ್ಟೆಯಿದೆ.

ಆದುದರಿಂದ ನಮ್ಮ ಸಲಹೆ ಇದು. ರಸಸಾರ, ಕ್ಷಾರೀಯತೆ, ಗಡಸುತನ, ಕ್ಲೋರಿನ್ ನಾಲ್ಕನ್ನೂ ಹನಿ ಹಾಕಿ ಬಣ್ಣ ನೋಡಿ ತಿಳಿಯುವ ಪರೀಕ್ಷಾ ಪೆಟ್ಟಿಗೆಯೊಂದನ್ನು ಸಂಘವೇ ಕೊಂಡು ಗೊಬ್ಬರದ ಮಳಿಗೆಯಲ್ಲಿಡಬೇಕು. ಸದಸ್ಯರು ನೀರು ತುಂಬಿಸುವ ಮೊದಲೇ ಬಾವಿಯ ಅಥವಾ ಒರತೆಯ ನೀರನ್ನು ಒಂದು ಶುಚಿಯಾದ ಸೀಸೆಯಲ್ಲಿ ತಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಬ್ಬಿಣವನ್ನೂ ಆಗಲೇ ನೋಡಬಹುದು: ಸೀಸೆಗೆ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ರಾತ್ರಿಯಿಡೀ ಇಟ್ಟರೆ, ಕೊಳದಲ್ಲಿ ಆಗಬೇಕಾದ ಅನಾಹುತ ಸೀಸೆಯಲ್ಲೇ ಆಗಿ ಮುಗಿಯುತ್ತದೆ. ಬೇರೆ ಬೇರೆ ಒರತೆ, ಬಾವಿಗಳ ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಾಲ್ಕು ವರ್ಷದಲ್ಲಿ ನಮ್ಮ ಹೋಬಳಿಯ ನೀರಿನ ಜಾತಕವೇ ಸಿದ್ಧವಾಗುತ್ತದೆ. ಕೊಳ ಇಲ್ಲದವರಿಗೂ, ಹನಿ ನೀರಾವರಿಯ ನಳಿಗೆ ಕಟ್ಟಿಕೊಳ್ಳುವವರಿಗೂ ಅದು ಉಪಯೋಗ.

ಈ ಖರ್ಚು ಕೆಲವೇ ಹೋಂಸ್ಟೇಯವರಿಗಾಗಿ ಎಂಬ ಆಕ್ಷೇಪ ಆಡಳಿತ ಮಂಡಳಿಯಲ್ಲಿ ಈಗಾಗಲೇ ಬಂದಿದೆ. ಪರೀಕ್ಷೆಗೆ ಬರುವವರಿಂದ ಶುಲ್ಕ ತೆಗೆದುಕೊಳ್ಳಬಹುದೆಂಬುದು ನಮ್ಮ ಉತ್ತರ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಒಪ್ಪುವವರೂ ಒಪ್ಪದವರೂ ಬಂದು ಮಾತಾಡಬೇಕಾಗಿ ವಿನಂತಿ. ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದು ಹೊಳೆ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ. ಫೆಬ್ರವರಿಯಲ್ಲೇ ಹೊಳೆಯ ಕಲ್ಲು ಕಾಣುವ ಈ ದಿನಗಳಲ್ಲಿ ಅಳೆಯದೆ ಸುರಿಯುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.